ಏಸಿ ಪೆಟ್ಟಿಗೆಗೆ ಹೊದಿಸಿದ ಬೆಡ್‌ಶೀಟು

ನನ್ನ ಜರೀನಾ,

ಮೊದಲೇ ಹೇಳಿಬಿಡುತ್ತೇನೆ, ನಮ್ಮ ಮನೆಗೆ ಏಸಿ ಬಂದಿದೆ. ನಗುತ್ತಿದ್ದೀಯಾ? ಕರೆಂಟು ಉಳಿಸುವ ತಂಪು ಮನೆಗಳ ಬಗ್ಗೆ ವಾರವಾರವೂ ಬ್ಲಾಗ್ ಬರೆಯುವವಳ ಮನೆಗೆ.

ಡಿಪ್ಲೊಮಾ ಮುಗಿಸಿ ಚಾಮರಾಜನಗರದ ನಿಮ್ಮ ಮನೆಯ ಜಗಲಿಯಲ್ಲಿ ಕೂತು ಆ ಬ್ಲಾಗ್ ಶುರು ಮಾಡಿದೆವಲ್ಲ, ನೆನಪಿದೆಯಾ? ಬರೆಯುವುದು ನಾನು, ಫೋಟೊ ತೆಗೆಯುವುದು ನೀನು. ಪಡುವಣ ಗೋಡೆಗೆ ನೆರಳು, ತಾರಸಿಗೆ ಸುಣ್ಣ, ಗಾಳಿಯಾಡುವಂಥ ಕಿಟಕಿ... ನಾನು ಎಲ್ಲಾದರೂ ಅತಿ ಮಾಡಿದರೆ ನೀನು ಮುಲಾಜಿಲ್ಲದೆ ಅಳಿಸುತ್ತಿದ್ದೆ. ನೀನು ಊರು ಬಿಟ್ಟು ಹೋದ ಮೇಲೆ ಅಳಿಸುವವರಿಲ್ಲ. ಓದುವವರು ಹೆಚ್ಚಾದರು, ನನ್ನ ಮಾತೂ ದೊಡ್ಡದಾಯಿತು. ಏಸಿ ಬೇಕೆನ್ನುವುದು ಬರೀ ಸೋಮಾರಿತನ ಎಂದು ಒಮ್ಮೆ ಬರೆದೇಬಿಟ್ಟೆ.

ಈ ಬೇಸಿಗೆಯ ಶುರುವಿನಲ್ಲಿ ನಮ್ಮತ್ತೆ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು. ಮಲಗಿದಲ್ಲೇ ಮಲಗಿ ಬೆನ್ನೆಲ್ಲ ಬೆವರುಗುಳ್ಳೆ, ಆಮೇಲೆ ಹುಣ್ಣು. ಗುಂಡ್ಲುಪೇಟೆಯಲ್ಲಿ ಇಂಥ ಸೆಕೆ ನಾನು ಕಂಡಿರಲಿಲ್ಲ. ಕಿಟಕಿಗೆ ಒದ್ದೆ ಪರದೆ ಕಟ್ಟಿದೆ, ಬಿದಿರಿನ ತಟ್ಟಿ ಇಳಿಬಿಟ್ಟೆ, ಯಾವುದೂ ಸಾಲಲಿಲ್ಲ. ರೂಮು ತಣ್ಣಗಿರಲೇಬೇಕು ಎಂದರು ಡಾಕ್ಟರು. ನನ್ನ ಗಂಡ ಮಾರನೆಯ ದಿನವೇ ಏಸಿ ಹಾಕಿಸಿದರು. ಅತ್ತೆ ಎಷ್ಟೋ ದಿನಗಳ ಮೇಲೆ ಕಣ್ತುಂಬ ನಿದ್ದೆ ಮಾಡಿದರು. ಬ್ಲಾಗಿನಲ್ಲಿ ಮಾತ್ರ ನಾನು ಒಂದಕ್ಷರ ಬರೆಯಲಿಲ್ಲ.

ಒಂದು ಭಾನುವಾರ ಫೋನ್ ಬಂತು. ಕುದೇರಿನ ಮಂಜುಳಾ ಅಂತ, ಬ್ಲಾಗ್ ಓದುವವರು. ಮನೆ ಕಟ್ಟಿಸಬೇಕು, ಮೊದಲು ನಿಮ್ಮ ಮನೆ ನೋಡಬೇಕು, ಗಂಡನ ಜೊತೆ ಬಂದು ಬಸ್ ಇಳಿದಿದ್ದೀನಿ ಎಂದರು. ಇನ್ನೊಂದು ದಿನ ಬನ್ನಿ ಅನ್ನಬಹುದಿತ್ತಲ್ಲವೇ? ಬನ್ನಿ ಎಂದೆ. ಆಮೇಲೆ ಮಾಡಿದ್ದನ್ನು ನಿನಗೆ ಹೇಗೆ... ಹೊರಗೋಡೆಯ ಏಸಿ ಪೆಟ್ಟಿಗೆಯ ಮೇಲೆ ಒಣಗಲು ಹಾಕಿದ ಹಾಗೆ ಬೆಡ್‌ಶೀಟು ಹರವಿದೆ. ಸದ್ದು ಕೇಳಬಾರದೆಂದು ಸ್ವಿಚ್ಚು ಆರಿಸಿದೆ. ಅತ್ತೆಯ ರೂಮಿನ ಬಾಗಿಲು ಮುಂದಕ್ಕೆಳೆದೆ.

ಅವರಿಬ್ಬರಿಗೆ ನಡುಮನೆಯಲ್ಲಿ ಗಾಳಿ ಹೇಗೆ ಬರುತ್ತದೆಂದು ವಿವರಿಸುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಬಂತು. "ಸುಜಾತಾ, ಮಿಸಿನ್ನು ನಿಂತೋಯ್ತು ಕಣಮ್ಮಿ. ಬೆನ್ನು ಉರೀತದೆ."

ಮಂಜುಳಾ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಆಕೆಯೇ ಒಳಗೆ ಹೋಗಿ, ಬೆವರಿಳಿಯುತ್ತಿದ್ದ ಅತ್ತೆಯ ಕುತ್ತಿಗೆಯನ್ನು ಸೆರಗಿನಲ್ಲಿ ಒರೆಸಿದರು. ಹಿಂದೆಯೇ ಹೋಗಿ ಸ್ವಿಚ್ಚು ಹಾಕಿದೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಜರೀನಾ. ಆಕೆ ಮೆಲ್ಲಗೆ ಹೇಳಿದರು: "ನಮ್ಮತ್ತೆನೂ ಹಾಸ್ಗೆ ಹಿಡ್ದವ್ರೆ ಅಕ್ಕಾ. ಏಸಿ ಹಾಕ್ಸನ ಅಂದ್ರು ನಮ್ಮೆಜಮಾನ್ರು. ನೀವು ಬರ್ದಿದ್ದ ಓದಿ ನಾನೇ ಬ್ಯಾಡ ಅಂದ್ಬುಟ್ಟೆ."

ನಮ್ಮತ್ತೆ ಬೆವರಿದ್ದು ಸ್ವಲ್ಪ ಹೊತ್ತು. ಕುದೇರಿನ ಆ ಅಜ್ಜಿ, ನನ್ನ ಒಂದು ಸಾಲಿನಿಂದಾಗಿ, ಬೇಸಿಗೆಯುದ್ದಕ್ಕೂ... ನಾನು ಕಣ್ಣಲ್ಲಿ ನೋಡಿಯೇ ಇರದ ಮುದುಕಿ.

ಅವತ್ತು ಸಂಜೆ ಎಲ್ಲವನ್ನೂ ಬರೆದು ಹಾಕಿದೆ, ಬೆಡ್‌ಶೀಟಿನ ಸಮೇತ. ಕೆಲವರು ಛೀಮಾರಿ ಹಾಕಿದರು, ಕೆಲವರು ಓದುವುದನ್ನೇ ಬಿಟ್ಟರು. ಕಾಯಿಲೆಯವರಿರುವ ರೂಮಿಗೆ ಬಿಸಿಲು ತಾಗದಂತೆ ಹೇಗೆ ಕಟ್ಟಬೇಕು, ಕಡಿಮೆ ಕರೆಂಟಿನಲ್ಲೇ ಏಸಿ ಹೇಗೆ ಓಡಿಸಬೇಕು ಎಂಬುದನ್ನು ಈಗ ಬರೆಯುತ್ತಿದ್ದೇನೆ. ಮೊದಲೇ ಬರೆಯಬೇಕಾಗಿದ್ದು ಇದನ್ನಲ್ಲವೇ?

ಹೋದ ವಾರ ಕುದೇರಿಗೆ ಹೋಗಿದ್ದೆ. ಹೊಸ ಮನೆಗೆ ಕಾಯದೆ ಹಳೆ ಮನೆಯಲ್ಲೇ ಏಸಿ ಹಾಕಿಸಿದ್ದಾರೆ. ನಾನು ಬಾಗಿಲಲ್ಲೇ ನಿಂತಿದ್ದೆ. ಯಾರವ್ವ ಎಂದು ಅಜ್ಜಿ ಕೇಳಿದರು. "ಏಸಿ ಹಾಕ್ಸಿ ಅಂತ ಬರ್ದೋರು ಕಣತ್ತೆ," ಎಂದರು ಮಂಜುಳಾ. ಅಜ್ಜಿ ನನ್ನನ್ನು ಹತ್ತಿರ ಕರೆದು ಎರಡೂ ಕೈ ಹಿಡಿದುಕೊಂಡರು.

"ನಿನ್ನೊಟ್ಟೆ ತಣ್ಣಗಿರ್ಲಿ ಕಣವ್ವ," ಎಂದರು.

ನನಗೆ ತಲೆಯೆತ್ತಲು ಆಗಲಿಲ್ಲ.

ನಿನ್ನ,
ಸುಜಾತಾ