ಪಿನ್ ಹೊಡೆದ ಪುಟಗಳು

ಅಮ್ಮಾ,

ಇವತ್ತು ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿದೆ. ನಿದ್ದೆಗೆಟ್ಟವಳ ಸಿಡುಕು ಅಂತ ನಿನ್ನ ಅಳಿಯ ಅನ್ನುತ್ತಾರೆ. ಅದಲ್ಲ.

ನಿನ್ನ ಮೊಮ್ಮಗಳಿಗೆ ಧೈರ್ಯ ಬರಲಿ, ಹಿಡಿದದ್ದನ್ನು ಬಿಡದೆ ಮಾಡುವುದನ್ನು ಕಲಿಯಲಿ ಅಂತ ಚಿತ್ರಪುಸ್ತಕಗಳನ್ನು ತಂದಿದ್ದೆ. ಅವಳಿಗೆ ತುಂಬ ಹಿಡಿಸಿದ್ದು ಮರ ಹತ್ತುವ ಅಳಿಲುಮರಿಯ ಕಥೆ. ಅದರಲ್ಲಿ ಮರಿ ಮೂರು ಸಲ ಬೀಳುತ್ತದೆ. ಮಗು ಹೆದರೀತು ಅಂತ ನಾನು ಆ ಪುಟಗಳನ್ನೆಲ್ಲ ಸೇರಿಸಿ ಪಿನ್ ಹೊಡೆದುಬಿಟ್ಟಿದ್ದೆ. ಹಾಗಾಗಿ ನಮ್ಮ ಮನೆಯ ಅಳಿಲು ಒಂದೇ ಉಸಿರಿಗೆ ತುದಿ ಮುಟ್ಟಿ ಚಪ್ಪಾಳೆ ಗಿಟ್ಟಿಸುತ್ತಿತ್ತು. ಆ ಕೊನೆಯ ಪುಟ ನೋಡಿದರೆ ಈಗ ವಾಕರಿಕೆ ಬರುತ್ತದೆ.

ಸಂಜೆ ಪಾರ್ಕಿನಲ್ಲಿ ಹಗ್ಗದ ಏಣಿಯ ಎರಡನೇ ಮೆಟ್ಟಿಲಿಂದ ಜಾರಿ ಬಿದ್ದಳು. ಮಂಡಿ ತರಚಿತ್ತು. ಅವಳು ಅತ್ತದ್ದು ಅದಕ್ಕಲ್ಲ.

“ಅಳಿಲು ಬೀಳೋದೇ ಇಲ್ಲ. ನಾನೊಬ್ಳೇ ಬೀಳೋದು. ಇನ್ಮೇಲೆ ಹತ್ತಲ್ಲ, ಹೋಗು!”

ಮನೆಗೆ ಬಂದು ಅವಳೆದುರೇ ಪಿನ್ನುಗಳನ್ನು ಕಿತ್ತೆ. ಬಿದ್ದ ಅಳಿಲನ್ನು ಬೆರಳಿಂದ ಸವರುತ್ತಾ ಕೇಳಿದಳು, “ನೀನೇ ಮುಚ್ಚಿಟ್ಟಿದ್ದಾ?”

“ಹೂಂ ಪುಟ್ಟಿ, ನೀನು ಹೆದರ್ಕೋತೀಯ ಅಂತ.”

“ನಾನಲ್ಲ, ನೀನು ಹೆದರ್ಕೊಂಡಿದ್ದು.”

ನಾಲ್ಕು ವರ್ಷದ ಮಗು, ಅಮ್ಮಾ.

ನಿನ್ನ ಕೊನೆಯ ದಿನಗಳಲ್ಲಿ ಆಸ್ಪತ್ರೆಯಿಂದ ಫೋನ್ ಮಾಡಿದಾಗಲೆಲ್ಲ ನೀನು, “ಚೆನ್ನಾಗೇ ಇದೀನಿ ಕಣೇ, ನೀನು ಮಗು ನೋಡ್ಕೋ” ಅನ್ನುತ್ತಿದ್ದೆ. ನಿನ್ನ ದನಿ ದಿನದಿನಕ್ಕೆ ಸೊರಗುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ನಂಬಿದವಳ ಹಾಗೆ “ಸರಿಯಮ್ಮ” ಅಂತ ಫೋನ್ ಇಡುತ್ತಿದ್ದೆ.

ಥೂ.