ನಿನ್ನ ಎಡೆಯ ಮುಂದೆ

ಅಪ್ಪ,

ತಮ್ಮ ಶಶಿಯ ಕುಡಿತ ಬಿಡಿಸಲು ಅವನನ್ನು ಕೆ.ಆರ್.ಪೇಟೆಯ ಪ್ರಾರ್ಥನೆಗೆ ಕರೆದುಕೊಂಡು ಹೋದವಳು ನಾನೇ. "ಯಾವ ದೇವ್ರಾದ್ರೇನವ್ವ, ಕುಡಿಯೋದು ಬುಟ್ನಲ್ಲ" ಎಂದು ನೀನೂ ಸಮಾಧಾನಪಟ್ಟಿದ್ದೆ. ನೀನು ಹೋದ ಮೇಲೆ ಅವನಿಗೆ ಅಲ್ಲಿನ ಪಾಸ್ಟರೂ ಸಾಲದಾದರು. ಅವರದು ಮೆತ್ತಗಿನ ಭಕ್ತಿ ಎಂದು ಜರಿದು, ತನ್ನದೇ ಒಂದು ಗುಂಪು ಕಟ್ಟಿಕೊಂಡ.

ಮೊನ್ನೆ ಪಕ್ಷದ ಹಬ್ಬ. ಅವ್ವ ನಿನ್ನ ಫೋಟೋ ಮುಂದೆ ಹೊಸ ಪಂಚೆ, ಮುದ್ದೆ, ಬಾಡಿನ ಸಾರು, ಒಂದು ಕಟ್ಟು ಬೀಡಿ ಎಲ್ಲ ಜೋಡಿಸಿ ಎಡೆ ಇಟ್ಟಿದ್ದಳು. ಶಶಿ ನಾಲ್ವರ ಜೊತೆ ಒಳಗೆ ಬಂದವನೇ, ತೆಂಗಿನಕಾಯಿ ಒಡೆಯಲು ಇಟ್ಟಿದ್ದ ಮಚ್ಚನ್ನು ಎತ್ತಿಕೊಂಡ.

"ಇದು ಸೈತಾನನ ಎಡೆ. ಅಡ್ಡ ಬಂದ್ರೆ ನೀನೂ ಅವನ ಕಡೆಯೋಳೇ ಕಣವ್ವ."

"ನಿಮ್ಮಪ್ಪ ಕಣ್ಲಾ ಅದು!" ಎಂದಳು ಅವ್ವ.

ಮಚ್ಚು ನಿನ್ನ ಫೋಟೋದ ಮೇಲೆ ಬಿತ್ತು. ನಾಲ್ವರೂ ಕೈ ಮೇಲೆತ್ತಿ "ಆಮೆನ್" ಎಂದರು. ಅವನ ಜೊತೆ ಎರಡು ವರ್ಷ ಭಾನುವಾರ ತಪ್ಪದೆ ಹೋದ ಅಭ್ಯಾಸ ಅಪ್ಪ, ನನ್ನ ಬಾಯಿಂದಲೂ "ಆಮೆನ್" ಬಂದುಬಿಟ್ಟಿತು.

ಅವ್ವ ತಿರುಗಿ ನನ್ನನ್ನು ನೋಡಿದಳು. ಶಶಿಯೂ ನೋಡಿದ, ಅವನ ಮುಖ ಅರಳಿತು. "ನಮ್ಮಕ್ಕಾನೂ ಒಪ್ಕಂಡ್ಲು, ನಡೀರ್ಲಾ" ಎಂದು ಮಚ್ಚು ಹಿಡಿದುಕೊಂಡೇ ಚಿಕ್ಕಪ್ಪನ ಮನೆ ಕಡೆ ಹೊರಟ. ಅಲ್ಲೂ ಎಡೆ ಇಟ್ಟಿದ್ದರು.

ನಾನು ಹಿಂದೆ ಓಡಲಿಲ್ಲ. ಒಡೆದ ಗಾಜು ಆಯುತ್ತ ಕೂತೆ.

ಮುಂದಿನದನ್ನು ನಾನು ಬರೆಯಲಾರೆ. ನಿನ್ನ ತಮ್ಮ ಈಗ ನಿನ್ನ ಹತ್ತಿರವೇ ಇರಬೇಕು, ಅವನನ್ನೇ ಕೇಳು.