ಆಸ್ಟಿನ್ ಕಾರಿನ ಹಿಂದಿನ ಬಾಗಿಲು

ಮೂಡಲಗಿ
ನವೆಂಬರ್ ೧೪, ಗುರುವಾರ

ಗೌರಕ್ಕಾ,

ಈಗ ಸಂಜೆ ಆರೂವರೆ. ದೇವರಿಗೆ ದೀಪ ಹಚ್ಚಿ ಬರೆಯಲು ಕುಳಿತಿದ್ದೇನೆ. ಫೋನಿನಲ್ಲಿ ನಿನಗೆ ಸರಿಯಾಗಿ ಕೇಳಿಸುವುದಿಲ್ಲ, ಜೋರಾಗಿ ಮಾತಾಡಲು ನನಗೀಗ ಆಗುವುದಿಲ್ಲ. ಇಂದು ಹುಕ್ಕೇರಿಯ ಅಣ್ಣಾಸಾಹೇಬರು ತಮ್ಮ ಕಾರು ನೋಡಲು ಬಂದಿದ್ದರು. ದಿನವೆಲ್ಲ ಅದರಲ್ಲೇ ಹೋಯಿತು.

ಇವರು ತೀರಿಕೊಂಡಾಗ ಬಂದಿದ್ದ ನೀನು, ಶೆಡ್ಡಿನಲ್ಲಿ ತಾಡಪತ್ರಿ ಹೊದಿಸಿದ್ದ ಆ ಕಾರು ನೋಡಿ, "ಇದನ್ಯಾಕ ಮನಿ ಮುಂದ ಇಟಗೊಂಡಿ, ಕಳಸಿ ಬಿಡ" ಎಂದು ಬೈದಿದ್ದೆ. ಅದು ಸಾಹೇಬರ ಅಜ್ಜ ಕೊಂಡಿದ್ದ ಆಸ್ಟಿನ್. ಆ ಕಾಲದಲ್ಲಿ ಇಂಗ್ಲೆಂಡಿನ ಕಂಪನಿಗಳು ಎಷ್ಟೋ ಸಲ ಎಂಜಿನ್, ಚಾಸಿ, ಗಾಲಿ ಇಷ್ಟನ್ನೇ ಮಾರುತ್ತಿದ್ದವಂತೆ. ಮೇಲಿನ ಮೈಯನ್ನು ಸಾರೋಟು ಕಟ್ಟುವವರು ಗಿರಾಕಿ ಹೇಳಿದ ಹಾಗೆ ಕಟ್ಟಿಕೊಡುತ್ತಿದ್ದರಂತೆ. ಪೂರ್ತಿ ಮುಚ್ಚಿದ್ದರೆ ಸಲೂನ್, ಮಡಚುವ ಬಟ್ಟೆಯ ಮಾಡು ಇದ್ದರೆ ಟೂರರ್. ಇದು ಟೂರರ್. ಒಳಗೆಲ್ಲ ಕಟ್ಟಿಗೆಯ ಹಂದರ, ಮೇಲೆ ತೆಳು ತಗಡು. ಹಂದರವನ್ನು ಗೆದ್ದಲು ತಿಂದುಹಾಕಿತ್ತು.

ಚಕ್ಕಡಿ ಮಾಡುವವರೆಂದು ಸಾಹೇಬರು ಇವರನ್ನು ಹುಡುಕಿಕೊಂಡು ಬಂದಿದ್ದರು. "ಇಂಗ್ಲೆಂಡದಾಗೂ ಇದು ಬಡಿಗ್ಯಾರ ಕೆಲಸನ ಅಂತ ನೋಡ!" ಎಂದು ಇವರು ಅವತ್ತು ಊಟ ಮಾಡುತ್ತ ನಗುತ್ತಿದ್ದರು. ಸಾಗವಾನಿ ತಂದು, ಕಚ್ಚು ಕೂಡಿಸಿ, ಶ್ರಾವಣದಲ್ಲಿ ಎದೆ ಹಿಡಿದುಕೊಂಡು ಕೂಡುವವರೆಗೂ ಅದನ್ನೇ ಮಾಡಿದರು. ತಗಡು, ಬಣ್ಣದ ಕೆಲಸವನ್ನು ಬೇರೆಯವರು ದಸರೆಯ ನಂತರ ಮುಗಿಸಿದರು.

ಸಾಹೇಬರ ಜೊತೆ ಮಗಳು ಮಯೂರಿ ಬಂದಿದ್ದಳು. ಹಳೆಯ ಕಾರುಗಳ ಕೆಲಸವನ್ನು ಪುಣೆಯಲ್ಲಿ ಕಲಿತ ಹುಡುಗಿ. ಕಾರಿನ ಹಳೆಯ ಫೋಟೋವನ್ನು ಮೊಬೈಲಿನಲ್ಲಿ ಹಿಡಿದು ಸುತ್ತು ಹಾಕಿದಳು. ಎಲ್ಲ ಮುಟ್ಟಿ ನೋಡಿ ಮೆಚ್ಚಿದಳು. ಹಿಂದಿನ ಬಾಗಿಲ ಹತ್ತಿರ ನಿಂತಳು.

ಫೋಟೋದಲ್ಲಿ ಆ ಬಾಗಿಲು ಗಿಡ್ಡ. ಕೆಳಗೆ ಒಂದು ಅಡ್ಡ ಹಲಗೆ, ಅದನ್ನು ದಾಟಲು ಕಾಲು ಎತ್ತಬೇಕು. ಇವರು ಬಾಗಿಲನ್ನು ನೆಲಹಲಗೆಯವರೆಗೂ ಇಳಿಸಿದ್ದರು, ಹತ್ತುವ ಪಾವಟಿಗೆಯನ್ನೂ ತಗ್ಗಿಸಿದ್ದರು.

"ಪಪ್ಪಾ, ಇದ ತಪ್ಪೈತಿ. ಈ ಟೂರರ್‌ಗೆ ಇಷ್ಟುದ್ದ ಬಾಗಿಲ ಇರಲಿಲ್ಲ. ಪುಣೇಕ ಒಯ್ದು ಹಿಂದಿನ ಅರ್ಧ ಬಿಚ್ಚಿಸಿ ಹೊಸಾದ ಕೂಡಸೂಣು. ಇಲ್ಲಂದ್ರ ಹಳೇ ಕಾರಿನ ರ್‍ಯಾಲಿಯೊಳಗ ನಗತಾರ."

ಅವಳು ಸೊಕ್ಕಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದಳು. ಸಾಹೇಬರು ನಿಟ್ಟುಸಿರು ಬಿಟ್ಟು, ಇವರ ಹೆಸರು ಹಿಡಿದು, "ಮೌನೇಶ ಒಂದ ಮಾತ ಕೇಳಬೇಕಿತ್ತು. ಇದೇನ ಚಕ್ಕಡಿ ಅಲ್ಲ" ಎಂದರು.

ಅಕ್ಕಾ, ಇವರು ಮಾಡಿದ ಚಕ್ಕಡಿಗಳು ಯಾರ್‍ಯಾರದೋ ಹೊಲದಲ್ಲಿ ಮಳೆ ತಿಂದು ಹೋದವು. ಕಡೆಯದಾಗಿ ಕೈಯಿಟ್ಟದ್ದು ಇದೊಂದೇ. ಇದನ್ನೂ ಬಿಚ್ಚಿ ಒಗೆಯುತ್ತಾರೆ ಎಂದಾಗ ನನಗೆ ನಿಲ್ಲಲಾಗಲಿಲ್ಲ. ಸೆರಗು ಸರಿಮಾಡಿಕೊಂಡು ಮುಂದೆ ಬಂದೆ.

"ತಪ್ಪಲ್ರಿ ಸಾಹೇಬ್ರ. ನಿಮ್ಮ ಅವ್ವಾರು ಇಳಕಲ್ ಸೀರಿ ಉಟಗೊಂಡು ಈ ಕಾರ್ ಹತ್ತೂಮುಂದ ಕಾಲ ಎತ್ತಾಕ ಭಾಳ ತ್ರಾಸ ಪಡತಿದ್ರಂತಲ್ರಿ. ನೀವ ಒಮ್ಮೆ ಮಾತಿನಾಗ ಹೇಳಿದ್ರಂತ. ಅದಕ್ಕ ಇವರು ಹೆಣ್ಣಮಕ್ಕಳಿಗಿ ಹತ್ತಾಕ ಬರೂಹಂಗ ಮಾಡ್ಯಾರ್ರಿ."

ಸಾಹೇಬರು ಬಾಗಿಲ ಮೇಲೆ ಕೈಯಿಟ್ಟರು.

"ಯಾವಾಗ ಹೇಳಿದ್ನೋ ನೆನಪಿಲ್ಲ. ಆದ್ರ ಖರೆ ಐತಿ. ಅವ್ವ ನನ್ನ ಹೆಗಲ ಹಿಡದ ಹತ್ತತಿದ್ದಳು. 'ಸುಡ್ಲಿ ಇದರ ಬಾಗಿಲ, ಎತ್ತಿನ ಗಾಡೀನ ಚಲೋ' ಅಂತ ದಿನಾ ಬೈತಿದ್ದಳು."

"ಆಯಿ ಹಂಗ ಬೈತಿದ್ಲಾ?" ಎಂದು ಮಯೂರಿ ಅಜ್ಜಿಯ ಮಾತಿಗೆ ನಕ್ಕಳು. ಮೊಬೈಲನ್ನು ಕಿಸೆಗೆ ಹಾಕಿ ತಾನೇ ಹತ್ತಿ ಕುಳಿತಳು, ಇಳಿದಳು. "ಇರ್ಲಿ ಬಿಡ್ರಿ ಪಪ್ಪಾ. ಆದ್ರ ಬಹುಮಾನ ಬರಲಿಲ್ಲಂತ ಮುಂದ ನನಗ ಅನಬ್ಯಾಡ್ರಿ ಮತ್ತ."

ಬಾಗಿಲು ಉಳಿಯಿತು. ಹೊರಡುವ ಮುಂಚೆ ಸಾಹೇಬರು, "ಬರ್ರಿ ವೈನಿ, ನೀವೂ ಒಂದ ಸಲ ಕುಂದರ್ರಿ" ಎಂದು ಕರೆದರು. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿ ಒಳಗೆ ಬಂದುಬಿಟ್ಟೆ.

ಈಗ ಮನೆಯಲ್ಲಿ ಏನೂ ಸದ್ದಿಲ್ಲ. ಮೊದಲು ಈ ಹೊತ್ತಿಗೆ ಉಜ್ಜುಗೊರಡಿನ ಸಪ್ಪಳ ನಿಲ್ಲುತ್ತಿತ್ತು, ಇವರು ಮೈಮೇಲಿನ ಕಟ್ಟಿಗೆಯ ಪುಡಿ ಕೊಡವಿಕೊಂಡು ಚಹಾ ಕೇಳುತ್ತಿದ್ದರು. ಇಷ್ಟು ದಿನ ಬೆಳಿಗ್ಗೆ ಕಾರಿನ ಧೂಳು ಒರೆಸುವುದೊಂದು ಕೆಲಸವಿತ್ತು, ನಾಳೆಯಿಂದ ಅದೂ ಇರುವುದಿಲ್ಲ. ಯಮಕನಮರಡಿಗೆ ಬಂದು ಇರು ಎಂದು ನೀನು ಕರೆಯುತ್ತೀ. ಬರುವುದಿಲ್ಲ ಎನ್ನುವುದಿಲ್ಲ, ಸ್ವಲ್ಪ ದಿನ ಹೋಗಲಿ. ಮಾವನವರಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ,
ನೀಲವ್ವ

ತಾ.ಕ.: ಸಾಹೇಬರು ತಮ್ಮ ಅವ್ವನ ಮಾತನ್ನು ಇವರ ಮುಂದೆ ಯಾವತ್ತೂ ಎತ್ತಿರಲಿಲ್ಲ. ಸೀರೆ ಉಟ್ಟವರಿಗೆಲ್ಲ ಆಗುವ ತ್ರಾಸನ್ನೇ ನಾನು ಅವರ ಅವ್ವನದೆಂದು ಊಹಿಸಿ ಹೇಳಿದೆ. ಆ ಬಾಗಿಲಿನ ಅಳತೆ ನನ್ನದು. ನನ್ನ ಮೊಣಕಾಲು ನೋಯದೆ ಎಷ್ಟು ಎತ್ತರ ಹತ್ತಬಲ್ಲೆ ಎಂದು ಇಟ್ಟಂಗಿ ಹಚ್ಚಿ, ಹತ್ತಿಸಿ ಇಳಿಸಿ, ಇವರು ಗೆರೆ ಎಳೆದುಕೊಂಡಿದ್ದರು. ಕಾರು ಮುಗಿದ ದಿನ ಸಾಹೇಬರನ್ನು ಕೇಳಿ ನನ್ನನ್ನು ಗೋಕಾಕ ಫಾಲ್ಸ್‌ವರೆಗೆ ಕೂಡಿಸಿಕೊಂಡು ಹೋಗುವುದಿತ್ತು. ಕಟ್ಟೆ ಹತ್ತಲೂ ಕಂಬ ಹಿಡಿಯುವ ನಾನು, ಇಂದು ಅಪ್ಪ ಮಗಳ ಕಣ್ಣೆದುರಿಗೆ ಏನೂ ಹಿಡಿಯದೆ ಆ ಕಾರು ಹತ್ತಿಬಿಡುತ್ತಿದ್ದೆ, ಅಳತೆ ಯಾರದೆಂದು ಅವರಿಗೆ ತಿಳಿದುಬಿಡುತ್ತಿತ್ತು. ಅದಕ್ಕೇ ಕೂಡಲಿಲ್ಲ. ನಾಳೆ ಹತ್ತು ಗಂಟೆಗೆ ಕಾರು ಒಯ್ಯಲು ಹುಕ್ಕೇರಿಯಿಂದ ಲಾರಿ ಬರುತ್ತದೆ.